ಹೆರಿಗೆಗೆ ತವರಿಗೆ ಹೊರಟಿರಾ? ಆಶಾ ಅಕ್ಕನಿಗೆ ಹೇಳಿ ಹೊರಡಿ

ಮಗಳು ಬಸಿರಿ ಎಂಬ ಸುದ್ದಿ ಬಂದರೆ ಸಾಕು, ತವರಿನಲ್ಲಿ ಎಷ್ಟೊಂದು ಸಡಗರ! ಬಯಕೆಯ ತಿಂಡಿ ಕಟ್ಟಿ ಕಳಿಸುವುದೇನು, ಹೂ ಮುಡಿಸುವುದೇನು, ಸೀಮಂತಕ್ಕೆ ಹಸಿರು ಸೀರೆ, ಹಸಿರು ಬಳೆ ಹುಡುಕುವುದೇನು! ಶಾಸ್ತ್ರವೆಲ್ಲ ಮುಗಿದ ಮೇಲೆ ಏಳನೆಯ ತಿಂಗಳಲ್ಲೋ ಒಂಬತ್ತನೆಯ ತಿಂಗಳಲ್ಲೋ ಮಡಿಲು ತುಂಬಿಸಿಕೊಂಡು ಅವಳು ತವರಿಗೆ ಬರುತ್ತಾಳೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ತಲತಲಾಂತರದಿಂದ ಬಂದ ಪದ್ಧತಿ. ಅದರಲ್ಲಿ ಒಳ್ಳೆಯ ಅರ್ಥವೂ ಇದೆ. ಹೆತ್ತಮ್ಮನ ಆರೈಕೆ, ಮನೆಗೆಲಸದಿಂದ ಬಿಡುವು, ನಾಲ್ಕು ದಿನ ನೆಮ್ಮದಿಯ ನಿದ್ದೆ ಬೇರೆಲ್ಲಿ ಸಿಕ್ಕೀತು?

ಆದರೆ ಈ ಪ್ರಯಾಣದಲ್ಲಿ ಒಂದು ಮುಖ್ಯವಾದ ಸಂಗತಿಯನ್ನು ನಾವು ಗಂಡನ ಊರಿನಲ್ಲೇ ಬಿಟ್ಟು ಬರುತ್ತೇವೆ. ಅಲ್ಲಿ ಏಳು ತಿಂಗಳಿಂದ ಅವಳ ತೂಕ ನೋಡಿ, ರಕ್ತದೊತ್ತಡ ಅಳೆದು, ಕಬ್ಬಿಣಾಂಶದ ಮಾತ್ರೆ ಕೊಟ್ಟ ನರ್ಸಮ್ಮ ಅಲ್ಲೇ ಉಳಿಯುತ್ತಾರೆ. ಅಲ್ಲಿಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ "ತವರಿಗೆ ಹೋಗಿದ್ದಾರೆ" ಎಂದು ಬರೆದು ಆಗುತ್ತದೆ. ತವರೂರಿನ ಆಶಾಗೆ ಇವಳು ಬಂದದ್ದೇ ಗೊತ್ತಿರುವುದಿಲ್ಲ. ಅಪಾಯ ಹೆಚ್ಚಾಗಿರುವ ಕಡೆಯ ದಿನಗಳಲ್ಲೇ ನಮ್ಮ ಹುಡುಗಿ ಎರಡೂ ಊರಿನ ಲೆಕ್ಕದಿಂದ ಜಾರಿ ಹೋಗಿರುತ್ತಾಳೆ! ಪಟ್ಟಣದಿಂದ ಹಳ್ಳಿಯ ತವರಿಗೆ ಹೋಗುವ ಸೋದರಿಯರಿಗಂತೂ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಮರುಹುಟ್ಟು ಎಂದರು ಹಿರಿಯರು

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕರ್ನಾಟಕದಲ್ಲಿ 2004-06ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ತೀರಿಕೊಳ್ಳುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಅವಧಿಯಲ್ಲಿ ನೆರೆಯ ಕೇರಳದ ಸಂಖ್ಯೆ 19. ನಾವಿನ್ನೂ ನಡೆಯಬೇಕಾದ ದಾರಿ ಬಹಳ ಇದೆ ಎಂದಾಯಿತು.

"ಈಗೆಲ್ಲ ಆಸ್ಪತ್ರೆಯಲ್ಲೇ ಹೆರಿಗೆ ಆಗುತ್ತಲ್ಲ, ಇನ್ನೇನು ಭಯ?" ಎಂದು ನೀವು ಕೇಳಬಹುದು. ನಿಜ. 2005-06ರಲ್ಲಿ ನಮ್ಮ ರಾಜ್ಯದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು ನೂರಕ್ಕೆ 97 ಆಗಿದೆ. ಆದರೂ ತಾಯಂದಿರ ಸಾವು ಪೂರ್ತಿ ನಿಂತಿಲ್ಲ. ಆಸ್ಪತ್ರೆ ಮುಟ್ಟುವುದೊಂದೇ ಸಾಲದು. ಯಾವ ಹೊತ್ತಿಗೆ ಮುಟ್ಟಿದೆವು, ಯಾವ ಆಸ್ಪತ್ರೆ ಮುಟ್ಟಿದೆವು, ಅಲ್ಲಿ ಯಾರಿದ್ದರು ಎಂಬುದೂ ಅಷ್ಟೇ ಮುಖ್ಯ.

ಮೂರು ಬಗೆಯ ತಡ

ತಾಯಂದಿರ ಸಾವಿಗೆ ಮೂರು ತಡಗಳು ಕಾರಣ ಎಂದು ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಮಹಿಳೆಯರು 1994ರಲ್ಲಿ ಬರೆದರು. ಇಂದಿಗೂ ಜಗತ್ತಿನ ಎಲ್ಲೆಡೆ ಆರೋಗ್ಯ ಇಲಾಖೆಗಳವರು ಇದೇ ಲೆಕ್ಕ ಹಿಡಿದು ಯೋಚಿಸುತ್ತಾರೆ. ಗೃಹಿಣಿಯರಾದ ನಮಗೂ ಇದು ಸುಲಭವಾಗಿ ಅರ್ಥವಾಗುವಂಥದು.

ಮೊದಲನೆಯದು, ಮನೆಯಲ್ಲಿ ಆಗುವ ತಡ. "ಮುಖ, ಕೈ ಊದಿಕೊಂಡಿದೆಯಲ್ಲೇ" ಎಂದರೆ "ಬಸುರಿಗೆ ಊತ ಇದ್ದದ್ದೇ" ಎನ್ನುವುದು. ತಲೆ ಸಿಡಿಯುತ್ತಿದೆ ಎಂದರೆ ಅಮೃತಾಂಜನ ಹಚ್ಚಿ ಮಲಗಿಸುವುದು. ಯಜಮಾನರು ಬರಲಿ, ಅಪ್ಪ ಹೊಲದಿಂದ ಬರಲಿ, ರಾಹುಕಾಲ ಕಳೆಯಲಿ ಎಂದು ಕಾಯುವುದು. ತಾಳಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಇವು ರಕ್ತದೊತ್ತಡ ಏರಿದ್ದರ ಸೂಚನೆ ಇರಬಹುದು. ಮುಂದೆ ಫಿಟ್ಸ್ ಬಂದು ತಾಯಿ, ಮಗು ಎರಡೂ ಜೀವಕ್ಕೆ ಆಪತ್ತು.

ಎರಡನೆಯದು, ದಾರಿಯ ತಡ. ವಾಹನ ಸಿಗದೆ, ರಸ್ತೆ ಸರಿಯಿಲ್ಲದೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು ಕಳೆದುಹೋಗುವ ಸಮಯ. ಹೆರಿಗೆಯ ನಂತರ ವಿಪರೀತ ರಕ್ತಸ್ರಾವ ಶುರುವಾದರೆ, ಚಿಕಿತ್ಸೆ ಸಿಗದಿದ್ದಲ್ಲಿ ಎರಡೇ ಗಂಟೆಯೊಳಗೆ ಪ್ರಾಣ ಹೋಗಬಹುದು. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 108ರ ಆಂಬುಲೆನ್ಸ್ ಸೇವೆ ಶುರುವಾದ ಮೇಲೆ ಈ ತಡ ಎಷ್ಟೋ ಕಡಿಮೆಯಾಗಿದೆ. ಆದರೆ ಆ ಸಂಖ್ಯೆಗೆ ಯಾವಾಗ ಫೋನು ಮಾಡಬೇಕೆಂದು ಮನೆಯಲ್ಲಿ ಯಾರಿಗಾದರೂ ಗೊತ್ತಿರಬೇಕಲ್ಲವೇ?

ಮೂರನೆಯದು, ಆಸ್ಪತ್ರೆಯೊಳಗಿನ ತಡ. ಬಾಗಿಲಿಗೆ ಬಂದರೂ ಹೆರಿಗೆ ಡಾಕ್ಟರಿಲ್ಲ. ಅವರಿದ್ದರೆ ಅರಿವಳಿಕೆ ಕೊಡುವ ಡಾಕ್ಟರಿಲ್ಲ. ಇಬ್ಬರೂ ಇದ್ದರೆ ರಕ್ತವಿಲ್ಲ. ಸಿಸೇರಿಯನ್ ಮಾಡಬೇಕೆಂದರೆ ಈ ಮೂರೂ ಒಂದೇ ಕಡೆ, ಒಂದೇ ಹೊತ್ತಿಗೆ ಇರಬೇಕು.

ಕಟ್ಟಡ ಇದೆ, ಜನ ಎಲ್ಲಿ?

1946ರಲ್ಲಿ ಭೋರ್ ಸಮಿತಿ ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬೇಕೆಂದು ಶಿಫಾರಸು ಮಾಡಿದ ಮೇಲೆ ದೇಶದಲ್ಲಿ ಒಂದು ಏರ್ಪಾಡು ಬೆಳೆದು ಬಂದಿದೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೆ ತಜ್ಞ ವೈದ್ಯರಿರುವ ಒಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಇನ್ನೂ ಕಡಿಮೆ ಜನಕ್ಕೆ ಒಂದೊಂದು. ಕಾಗದದ ಮೇಲೆ ನೋಡಿದರೆ ಏನೂ ಕೊರತೆಯಿಲ್ಲ.

ಕೊರತೆ ಇರುವುದು ಮನುಷ್ಯರದು. ಕೇಂದ್ರ ಸರ್ಕಾರವೇ ಪ್ರಕಟಿಸಿದ 2021-22ರ ಗ್ರಾಮೀಣ ಆರೋಗ್ಯ ಅಂಕಿ ಅಂಶಗಳಂತೆ, ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞ ವೈದ್ಯರಲ್ಲಿ ನೂರಕ್ಕೆ ಸುಮಾರು 80ರಷ್ಟು ಕೊರತೆ ಇತ್ತು! ಓದು ಮುಗಿಸಿದ ವೈದ್ಯರು ಒಂದು ವರ್ಷ ಗ್ರಾಮೀಣ ಸೇವೆ ಮಾಡಬೇಕೆಂದು ಕರ್ನಾಟಕ ಸರ್ಕಾರ 2012ರಲ್ಲಿ ಕಾನೂನನ್ನೇ ಮಾಡಿತು. ಆದರೆ ಒತ್ತಾಯಕ್ಕೆ ಬಂದವರು ಊರಿನ ಪರಿಚಯವಾಗುವಷ್ಟರಲ್ಲಿ ಹೊರಟು ನಿಂತಿರುತ್ತಾರೆ. ವೈದ್ಯರನ್ನು ಬಯ್ದು ಪ್ರಯೋಜನವಿಲ್ಲ. ವಾಸಕ್ಕೆ ಸರಿಯಾದ ಮನೆಯಿಲ್ಲ, ಮಕ್ಕಳಿಗೆ ಶಾಲೆಯಿಲ್ಲ, ಕೈಯಾಸರೆಗೆ ಇನ್ನೊಬ್ಬ ವೈದ್ಯರಿಲ್ಲ. ಉಪಕೇಂದ್ರದ ನರ್ಸಮ್ಮನ ಪಾಡು ಇನ್ನೂ ಕಷ್ಟ. ಊರಾಚೆಯ ಕಟ್ಟಡದಲ್ಲಿ ಒಂಟಿ ಹೆಂಗಸು. ನಲ್ಲಿಯಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ ಎಂದರೆ ರಾತ್ರಿ ಹೇಗೆ ಉಳಿದಾರು? ನಮ್ಮ ಮಗಳನ್ನೇ ಅಲ್ಲಿ ಇರು ಎಂದು ಕಳಿಸುತ್ತೇವೆಯೇ?

ಊರಿನ ಹೆಣ್ಣೇ ಊರಿಗೆ ಆಸರೆ

ಹೊರಗಿನಿಂದ ಬಂದವರು ನಿಲ್ಲದಿದ್ದರೆ ಊರಿನಲ್ಲೇ ಇರುವವರನ್ನು ತಯಾರು ಮಾಡಬಾರದೇಕೆ? ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಕೆಲವರು ಬಹಳ ಹಿಂದೆಯೇ ಕೇಳಿಕೊಂಡರು.

ಮಹಾರಾಷ್ಟ್ರದ ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಜಾಮಖೇಡ ಬರಗಾಲದ ಸೀಮೆ. ಡಾ. ರಜನೀಕಾಂತ ಆರೋಳೆ ಮತ್ತು ಅವರ ಪತ್ನಿ ಡಾ. ಮೇಬಲ್ ಆರೋಳೆ 1970ರಲ್ಲಿ ಅಲ್ಲಿಗೆ ಬಂದು ನೆಲೆಸಿದರು. ಹಳ್ಳಿಗಳಿಂದಲೇ ಹೆಣ್ಣುಮಕ್ಕಳನ್ನು ಆರಿಸಿ ಆರೋಗ್ಯ ಕಾರ್ಯಕರ್ತೆಯರಾಗಿ ತರಬೇತಿ ಕೊಟ್ಟರು. ಅವರಲ್ಲಿ ಅನೇಕರಿಗೆ ಓದು ಬರಹ ಬರುತ್ತಿರಲಿಲ್ಲ. ಎಷ್ಟೋ ಮಂದಿ ಊರು ಹತ್ತಿರ ಸೇರಿಸದ ಜಾತಿಯವರು. ಮೊದಮೊದಲು "ಇವಳೇನು ಹೇಳುತ್ತಾಳೆ" ಎಂದ ಊರವರೇ ಆಮೇಲೆ ಹೆರಿಗೆಗೆ ಅವರನ್ನು ಹುಡುಕಿಕೊಂಡು ಬಂದರು. ಆರೋಳೆ ದಂಪತಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅದೇ ರಾಜ್ಯದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ಹಸುಗೂಸಿನ ಆರೈಕೆ ಕಲಿಸಿದರು. ಉಸಿರಾಟ ಎಣಿಸುವುದು, ಮೈ ತಣ್ಣಗಾಗದಂತೆ ಬೆಚ್ಚಗಿಡುವುದು, ನಂಜು ಗುರುತಿಸಿ ಔಷಧ ಕೊಡುವುದು. 1999ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಂತೆ, ಆ ಹಳ್ಳಿಗಳಲ್ಲಿ ಹುಟ್ಟಿದ ತಿಂಗಳೊಳಗೆ ಸಾಯುವ ಕೂಸುಗಳ ಪ್ರಮಾಣ ನೂರಕ್ಕೆ 60ಕ್ಕೂ ಹೆಚ್ಚು ಇಳಿದಿತ್ತು.

ನಮ್ಮ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ ಕೆಲಸ ಮಾಡಲು ಹೋಗಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಬುಡಕಟ್ಟಿನ ಹುಡುಗಿಯರಿಗೇ ನರ್ಸಿಂಗ್ ತರಬೇತಿ ಕೊಡುವ ಕೆಲಸ ಅಲ್ಲಿ ನಡೆಯಿತು. ಕಾಡಿನ ಹಾಡಿಯಲ್ಲಿ ಹುಟ್ಟಿ ಬೆಳೆದವಳಿಗೆ ಹಾಡಿಯಲ್ಲಿ ಉಳಿಯುವುದು ಶಿಕ್ಷೆಯಲ್ಲವಲ್ಲ!

ಇಂಥ ಅನುಭವಗಳ ಹಾದಿಯಲ್ಲೇ, ಛತ್ತೀಸ್‌ಗಢದಲ್ಲಿ 2002ರಲ್ಲಿ ಶುರುವಾದ 'ಮಿತಾನಿನ್' ಕಾರ್ಯಕ್ರಮದ ಮಾದರಿಯೂ ಸೇರಿ, 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ 'ಆಶಾ' ಬಂದಳು. ಸುಮಾರು 1,000 ಜನಕ್ಕೆ ಒಬ್ಬಳು. ಆಕೆ ಆ ಊರಿನವಳೇ ಆಗಿರಬೇಕು; ಮದುವೆಯಾದವಳೋ, ಗಂಡನನ್ನು ಕಳೆದುಕೊಂಡವಳೋ, ಗಂಡನಿಂದ ಬೇರೆಯಾದವಳೋ ಆಗಿರಬೇಕು ಎಂಬುದು ನಿಯಮ. ಮದುವೆಯಾಗಿ ಬೇರೆ ಊರಿಗೆ ಹೋಗಿಬಿಡದೆ ಇಲ್ಲೇ ಉಳಿಯಲಿ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಇಂದು ದೇಶದಲ್ಲಿ ಸುಮಾರು 10 ಲಕ್ಷ ಆಶಾಗಳಿದ್ದಾರೆ. ಪಟ್ಟಣದ ಬಡಾವಣೆಗಳಲ್ಲೂ ಇದ್ದಾರೆ.

ಸೂಲಗಿತ್ತಿ ಹೋಗಿ ಆಶಾ ಬಂದಳೇ?

"ನಮ್ಮ ಕಾಲದಲ್ಲಿ ಸೂಲಗಿತ್ತಿಯೇ ಎಲ್ಲ ನೋಡ್ತಿದ್ಲು, ಈ ಆಶಾ ಗೀಶಾ ಯಾರಿದ್ರು?" ಎನ್ನುವ ಅಜ್ಜಿಯರು ಈಗಲೂ ಇದ್ದಾರೆ. ಸೂಲಗಿತ್ತಿಯರ ಋಣ ದೊಡ್ಡದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಕೂಲಿ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಪ್ರಸಿದ್ಧರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ಕೈಗುಣವನ್ನೂ ಧೈರ್ಯವನ್ನೂ ನೆನೆಯಬೇಕು. ಆದರೆ ರಕ್ತ ನಿಲ್ಲದಾಗ, ಮಗು ಅಡ್ಡಬಿದ್ದಾಗ, ಫಿಟ್ಸ್ ಬಂದಾಗ ಕೈಗುಣವೊಂದೇ ಸಾಲದು. ಔಷಧ, ರಕ್ತ, ಶಸ್ತ್ರಚಿಕಿತ್ಸೆ ಬೇಕು.

ಆಶಾ ಹೆರಿಗೆ ಮಾಡಿಸುವವಳಲ್ಲ ಎಂಬುದನ್ನು ನಾವು ತಿಳಿದಿರಬೇಕು. ಮೇಲೆ ಹೇಳಿದ ಮೂರು ತಡಗಳಲ್ಲಿ ಮೊದಲ ಎರಡನ್ನು ಕಡಿಮೆ ಮಾಡುವವಳು ಆಕೆ. ಅಪಾಯದ ಗುರುತು ಹೇಳುತ್ತಾಳೆ, ಆಂಬುಲೆನ್ಸ್ ಕರೆಸುತ್ತಾಳೆ, ಜೊತೆಯಲ್ಲಿ ಆಸ್ಪತ್ರೆಗೆ ಬರುತ್ತಾಳೆ. ಯಾವ ಆಸ್ಪತ್ರೆಯಲ್ಲಿ ರಾತ್ರಿ ಡಾಕ್ಟರಿರುತ್ತಾರೆ ಎಂಬುದು ಎಷ್ಟೋ ವೇಳೆ ನಮಗಿಂತ ಆಕೆಗೇ ಚೆನ್ನಾಗಿ ಗೊತ್ತು.

ಹೆರಿಗೆಯಾದ ಮೇಲೂ ಆಕೆಯ ಕೆಲಸ ಮುಗಿಯುವುದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ ಆರು ಸಲ ಮನೆಗೆ ಬರಬೇಕು. ಕೂಸನ್ನು ತೂಗಬೇಕು, ಮೈ ಬಿಸಿ ನೋಡಬೇಕು, ಉಸಿರು ಎಣಿಸಬೇಕು, ಹೊಕ್ಕುಳ ನೋಡಬೇಕು, ಬಾಣಂತಿಯ ಯೋಗಕ್ಷೇಮ ವಿಚಾರಿಸಬೇಕು.

ಈಗ ನಮ್ಮ ಮನೆಗಳಲ್ಲಿ ಏನಾಗುತ್ತದೆ, ಪ್ರಾಮಾಣಿಕವಾಗಿ ಹೇಳೋಣ. "ಬಾಣಂತಿ ಕೋಣೆಗೆ ಹೊರಗಿನವರು ಬರೋ ಹಾಗಿಲ್ಲ, ಮಗೂಗೆ ದೃಷ್ಟಿಯಾಗುತ್ತೆ" ಎಂದು ಬಾಗಿಲಲ್ಲೇ ತಡೆಯುವವರಿದ್ದಾರೆ. ಯಾವ ಜಾತಿಯವಳೋ ಎಂದು ಜಗಲಿಯಲ್ಲೇ ನಿಲ್ಲಿಸಿ "ಎಲ್ಲಾ ಚೆನ್ನಾಗಿದ್ದಾರಮ್ಮ, ಬರ್ಕೊಂಡು ಹೋಗು" ಎನ್ನುವವರೂ ಇದ್ದಾರೆ. ಆಕೆ ಬರೆದುಕೊಂಡು ಹೋಗುತ್ತಾಳೆ. ಪುಸ್ತಕದಲ್ಲಿ ಆರು ಭೇಟಿಯೂ ತುಂಬುತ್ತದೆ. ಆದರೆ ಒಳಗೆ ಕೂಸಿನ ಅಂಗಾಲು ಹಳದಿಯಾಗಿದ್ದರೆ, ಹಾಲು ಚೀಪುವುದನ್ನು ಬಿಟ್ಟಿದ್ದರೆ ನೋಡುವವರು ಯಾರು? ಬಿಸಿನೀರಿನಲ್ಲಿ ಸೋಪು ಹಾಕಿ ಕೈ ತೊಳೆದು ಬರುವಂತೆ ಹೇಳಿ. ಅದು ಸರಿಯಾದ ಮಡಿ. ಆಮೇಲೆ ಒಳಗೆ ಕರೆಯಿರಿ.

ಆಕೆಯ ಕಷ್ಟವನ್ನೂ ಕೇಳೋಣ

ಆಶಾ ಸರ್ಕಾರಿ ನೌಕರಳಲ್ಲ. ದಾಖಲೆಯಲ್ಲಿ ಆಕೆ ಸ್ವಯಂಸೇವಕಿ. ಮಾಡಿದ ಕೆಲಸಕ್ಕೆ ಇಂತಿಷ್ಟು ಎಂಬ ಪ್ರೋತ್ಸಾಹಧನ, ಅದರ ಜೊತೆಗೆ ರಾಜ್ಯದ ಗೌರವಧನ. 2020ರಲ್ಲಿ ಕೊರೋನಾ ಬಂದು ನಾವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಮನೆ ಮನೆ ತಿರುಗಿದವರು ಇವರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟು ಗೌರವಿಸಿತು. ಆದರೆ ಪ್ರಶಸ್ತಿಯಿಂದ ಒಲೆ ಉರಿಯುವುದಿಲ್ಲವಲ್ಲ. 2025ರ ಜನವರಿಯಲ್ಲಿ ರಾಜ್ಯದ ಸಾವಿರಾರು ಆಶಾಗಳು ತಿಂಗಳಿಗೆ 15,000 ರೂಪಾಯಿ ನಿಗದಿ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕುಳಿತರು.

ರಾತ್ರಿ ಎರಡು ಗಂಟೆಗೆ ನಮ್ಮ ಮಗಳ ಜೊತೆ ಆಂಬುಲೆನ್ಸ್ ಹತ್ತುವವಳಿಗೂ ಮನೆಯಿದೆ, ಮಕ್ಕಳಿದ್ದಾರೆ, ಬೆಳಿಗ್ಗೆ ಒಲೆ ಹಚ್ಚಬೇಕು. ಆಸ್ಪತ್ರೆಯ ವರಾಂಡದಲ್ಲಿ ಕಾಯುವಾಗ ಆಕೆಯನ್ನೂ ಕರೆದು ಒಂದು ಲೋಟ ಕಾಫಿ ಕೊಡಿ. ಇವತ್ತು ಆಕೆಯ ಕೆಲಸವನ್ನು ನಾವು ಹಗುರವಾಗಿ ಕಂಡರೆ ನಾಳೆ ಆ ಕೆಲಸಕ್ಕೆ ಬರುವವರು ಯಾರು?

ತವರಿಗೆ ಹೊರಡುವ ಮುನ್ನ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೋಗುವುದು ಬೇಡ. ಈ ಕೆಳಗಿನವನ್ನು ಮೊದಲೇ ಮಾಡಿಟ್ಟುಕೊಳ್ಳಿ.

1. ಸೀರೆ, ಬಳೆ ತುಂಬುವ ಚೀಲದಲ್ಲಿ ಮೊದಲು ತಾಯಿ ಕಾರ್ಡ್ ಇಡಿ. ರಕ್ತದ ಗುಂಪು, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಚೀಟಿಗಳೂ ಅದರ ಜೊತೆಗಿರಲಿ. ಅತ್ತೆಮನೆಯ ಬೀರುವಿನಲ್ಲಿ ಬಿಟ್ಟು ಬಂದ ಕಾರ್ಡಿನಿಂದ ಯಾರಿಗೂ ಉಪಯೋಗವಿಲ್ಲ.

2. ಗಂಡನ ಊರಿನ ಆಶಾಗೆ ಹೇಳಿ ಹೊರಡಿ. ತವರಿಗೆ ಬಂದ ವಾರದೊಳಗೆ ಅಲ್ಲಿಯ ಆಶಾ ಮತ್ತು ನರ್ಸಮ್ಮನ ಬಳಿ ಹೆಸರು ಬರೆಸಿ. ಇಬ್ಬರ ಫೋನ್ ನಂಬರನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

3. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆಯುತ್ತಿರುವ ಏರ್ಪಾಡು ಇದು. ತವರಿಗೆ ಬಂದ ಮೇಲೂ ತಪ್ಪಿಸಬೇಡಿ.

4. ಹೆರಿಗೆ ಎಲ್ಲಿ ಎಂದು ಮೊದಲೇ ತೀರ್ಮಾನಿಸಿ. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ಅವಳಿ ಮಕ್ಕಳಿದ್ದರೆ, ರಕ್ತದೊತ್ತಡ ಅಥವಾ ರಕ್ತಹೀನತೆ ಇದ್ದರೆ ಸಿಸೇರಿಯನ್ ಮತ್ತು ರಕ್ತದ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. "ಅರಿವಳಿಕೆ ಡಾಕ್ಟರು ರಾತ್ರಿಯೂ ಸಿಗ್ತಾರಾ?" ಎಂದು ಸಂಕೋಚವಿಲ್ಲದೆ ಕೇಳಿ. ರಕ್ತ ಕೊಡಬಲ್ಲ ಇಬ್ಬರು ನೆಂಟರ ಹೆಸರು ಗುರುತಿಸಿಡಿ.

5. ಕಬ್ಬಿಣಾಂಶದ ಮಾತ್ರೆ ನಿಲ್ಲಿಸಬೇಡಿ. 2019-21ರ ಸಮೀಕ್ಷೆಯಂತೆ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಿದ್ದವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯದು. ಮಾತ್ರೆಯ ಜೊತೆ ಕಾಫಿ, ಟೀ, ಹಾಲು ಬೇಡ. ಅವು ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು.

6. ಇವು ಕಂಡರೆ ಯಾರಿಗೂ ಕಾಯದೆ 108ಕ್ಕೆ ಫೋನು ಮಾಡಿ: ರಕ್ತ ಕಾಣುವುದು, ತಾಳಲಾರದ ತಲೆನೋವು ಅಥವಾ ಕಣ್ಣು ಮಂಜು, ಮುಖ ಕೈ ಊತ, ಫಿಟ್ಸ್, ಜೋರು ಜ್ವರ, ನೋವಿಲ್ಲದೆ ನೀರು ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಬಾಣಂತಿಗೆ ಮೇಲಿಂದ ಮೇಲೆ ಬಟ್ಟೆ ತೊಯ್ಯುವಷ್ಟು ರಕ್ತ ಹೋಗುತ್ತಿದ್ದರೂ ಅಷ್ಟೇ.

7. ಕೂಸಿನಲ್ಲಿ ಇವು ಕಂಡರೂ ತಡ ಬೇಡ: ಹಾಲು ಚೀಪದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಏದುಸಿರು, ಅಂಗೈ ಅಂಗಾಲು ಹಳದಿ, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು. ಹೊಕ್ಕುಳಿಗೆ ಎಣ್ಣೆ, ಅರಿಸಿನ, ಬೂದಿ ಏನನ್ನೂ ಹಚ್ಚದೆ ಒಣಗಲು ಬಿಡಿ.

8. ಮಗು ಎತ್ತಿಕೊಂಡು ಗಂಡನ ಮನೆಗೆ ಮರಳುವಾಗಲೂ ಇದೇ ಕ್ರಮ. ಆರು, ಹತ್ತು, ಹದಿನಾಲ್ಕು ವಾರದ ಲಸಿಕೆಗಳಲ್ಲಿ ಯಾವುದು ಆಗಿದೆ, ಯಾವುದು ಬಾಕಿ ಎಂಬುದು ಕಾರ್ಡಿನಲ್ಲಿರುತ್ತದೆ. ಆ ಊರಿನ ಆಶಾಗೆ ತೋರಿಸಿ.

ಮೂರನೆಯ ತಡ, ಅಂದರೆ ಆಸ್ಪತ್ರೆಯೊಳಗಿನದು, ಒಬ್ಬ ಗೃಹಿಣಿಯ ಕೈಲಿ ಸರಿಹೋಗುವಂಥದಲ್ಲ. ಆದರೆ ಹತ್ತು ಮಂದಿ ಸೇರಿದರೆ ಕೇಳಬಹುದು. ಪ್ರತಿ ಊರಿನಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇರಬೇಕೆಂಬ ನಿಯಮವಿದೆ. ನಿಮ್ಮ ಸ್ತ್ರೀಶಕ್ತಿ ಸಂಘದವರು ಮುಂದಿನ ಗ್ರಾಮಸಭೆಗೆ ಹೋದಾಗ ಎರಡು ಪ್ರಶ್ನೆ ಕೇಳಿ ನೋಡಿ: "ನಮ್ಮ ಉಪಕೇಂದ್ರದ ನರ್ಸಮ್ಮನ ಮನೆಗೆ ನೀರು ಬರುತ್ತಾ? ಬಾಗಿಲಿಗೆ ಗಟ್ಟಿ ಚಿಲಕ ಇದೆಯಾ?" ಬೀದಿದೀಪ, ನಲ್ಲಿ, ಚಿಲಕ ಇವುಗಳ ಖರ್ಚು ಹೆಚ್ಚೇನಲ್ಲ. ಅವಿದ್ದರೆ ಆಕೆ ರಾತ್ರಿ ಊರಿನಲ್ಲೇ ಉಳಿಯುತ್ತಾರೆ. ನಿಮ್ಮ ಮಗಳಿಗೆ ನೋವು ಕಾಣಿಸಿಕೊಂಡ ಹೊತ್ತಿನಲ್ಲಿ ತಟ್ಟಲು ಒಂದು ಬಾಗಿಲು ಇರುತ್ತದೆ.